ಆರೂಕಾಲರ ಬೋಣಿ

ತರಕಾರಿ ಮಾರುವ ಪಾರುಲ್ ಮಾಶಿಯ ಎಡಗೈಗೆ ಆ ದಿನ ಬ್ಯಾಂಡೇಜ್ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಇತ್ತು ಎನ್ನುತ್ತಾಳೆ ನನ್ನ ಹೆಂಡತಿ ಸುಧಾ. ಇದ್ದಿದ್ದರೆ ನನಗೆ ಕಾಣುತ್ತಿತ್ತು ಎನ್ನುತ್ತೇನೆ ನಾನು. "ನಿಮಗೆ ಸೋರೆಕಾಯಿ ಕಾಣಿಸ್ತಿತ್ತು, ಕೈ ಎಲ್ಲಿ ಕಾಣ್ಬೇಕು?" ಎನ್ನುತ್ತಾಳೆ ಅವಳು. ಇಷ್ಟೇ ಜಗಳ. ಆದರೆ ನಮ್ಮ ಮನೆಯಲ್ಲಿ ಇದು ಎಷ್ಟು ಸಲ ನಡೆದಿದೆಯೆಂದರೆ, ಈಗ ಯಾರಾದರೂ ಸೋರೆಕಾಯಿ ಎಂದರೆ ಸಾಕು, ನನ್ನ ಮಗಳು ಮೇಘಾ ತಟ್ಟೆ ಎತ್ತಿಕೊಂಡು ತನ್ನ ಕೋಣೆಗೆ ಹೋಗಿಬಿಡುತ್ತಾಳೆ. ಈ ಜಗಳದಲ್ಲಿ ನಾನು ದುರ್ಬಲ ಪಕ್ಷ. ನೆನಪನ್ನು ನಂಬಬೇಡಿ ಎಂದು ಹೇಳಿಕೊಡುವುದೇ ನನ್ನ ಕಸುಬು. ಕೋಲ್ಕತ್ತದ ಒಂದು ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಕಲಿಸುತ್ತೇನೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಯಾವ ಆಧಾರದ ಮೇಲೆ ನಂಬಬಹುದು ಎನ್ನುವುದು ನಾನು ಪ್ರತಿ ವರ್ಷ ತೆಗೆದುಕೊಳ್ಳುವ ಪೇಪರು. ಕಣ್ಣಾರೆ ಕಂಡೆ ಎನ್ನುವವನನ್ನು ಎರಡು ಪಟ್ಟು ಅನುಮಾನಿಸಿ ಎಂದು ಹುಡುಗರಿಗೆ ಹೇಳುತ್ತೇನೆ. ಹಾಗಿರುವಾಗ ಮನೆಗೆ ಬಂದು "ನಾನು ಕಣ್ಣಾರೆ ನೋಡಿದ್ದೇನೆ, ಬ್ಯಾಂಡೇಜ್ ಇರಲಿಲ್ಲ" ಎಂದು ಮೇಜು ಗುದ್ದುವುದಕ್ಕೆ ನನಗೆ ಯಾವ ಹಕ್ಕೂ ಇಲ್ಲ. ಆದರೂ ಗುದ್ದಿದ್ದೇನೆ.

ನಾನು ಬಡವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಮುಂದೆ ಈ ವಿಷಯದಲ್ಲಿ ಗೊಂದಲವಾಗಲಿದೆ. ನನಗೆ ತಿಂಗಳ ಕೊನೆಗೆ ತಪ್ಪದೆ ಸಂಬಳ ಬರುತ್ತದೆ. ಸುಧಾ ಅಲಿಪುರದಲ್ಲಿ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿದ್ದಾಳೆ, ಅವಳಿಗೂ ಬರುತ್ತದೆ. ಹೀಗಿದ್ದೂ ನನ್ನ ಚಪ್ಪಲಿಗೆ ಮೂರು ಕಡೆ ಹೊಲಿಗೆ ಬಿದ್ದಿದೆ. ನನ್ನ ತರಕಾರಿ ಚೀಲಕ್ಕೆ ಹಾಕಿದ ತೇಪೆ ಒಂದು ಕಾಲದಲ್ಲಿ ನನ್ನ ಪೈಜಾಮ ಆಗಿತ್ತು. ಉಡುಪಿಯಲ್ಲಿ ನಮ್ಮಪ್ಪ ಪಾರ್ಸೆಲ್ಲಿನ ದಾರವನ್ನು ಬಿಚ್ಚಿ ಉಂಡೆ ಸುತ್ತಿಡುತ್ತಿದ್ದರು, ಲಕೋಟೆಯನ್ನು ಒಳಗುಹೊರಗು ಮಾಡಿ ಮತ್ತೆ ಬಳಸುತ್ತಿದ್ದರು. ಆ ಮನೆತನ ನನ್ನದು ಎಂದು ಹೇಳಿಕೊಳ್ಳುತ್ತಿರುತ್ತೇನೆ. ಇದು ಪೂರ್ತಿ ನಿಜವಲ್ಲ. ಅಪ್ಪ ಉಳಿಸಿದ್ದು ಮನೆ ನಡೆಯಬೇಕೆಂದು. ನಾನು ಉಳಿಸುವುದು ಗೆಲ್ಲಬೇಕೆಂದು. ಇಪ್ಪತ್ತಕ್ಕೆ ಸಿಕ್ಕಿದ್ದನ್ನು ಪಕ್ಕದ ಫ್ಲ್ಯಾಟಿನವರು ನಲವತ್ತಕ್ಕೆ ತಂದಿದ್ದಾರೆಂದು ತಿಳಿದ ದಿನ ನನಗೆ ಊಟ ರುಚಿಸುತ್ತದೆ. ಮೇಘಾ ನನ್ನನ್ನು ಕಿಪ್ಟೆ ಎನ್ನುತ್ತಾಳೆ. ಬಂಗಾಳಿಯಲ್ಲಿ ಜಿಪುಣ ಎಂದರ್ಥ. "ಅಪ್ಪಾ, ಯೂ ಆರ್ ಸಚ್ ಅ ಕಿಪ್ಟೆ. ಬಟ್ ಕ್ಯೂಟ್ ಕಿಪ್ಟೆ" ಎಂದು ಅವಳು ಸಣ್ಣವಳಿದ್ದಾಗ ಹೇಳುತ್ತಿದ್ದಳು. ಈಗ ಎರಡನೆಯ ವಾಕ್ಯವನ್ನು ಕೈಬಿಟ್ಟಿದ್ದಾಳೆ.

ಬಂಗಾಳಿಯ ಮಾತು ಬಂದದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ಆರು ವರ್ಷ ಈ ಊರಿನಲ್ಲಿದ್ದು ನಾನು ಕಲಿತದ್ದು ನಾಲ್ಕು ವಾಕ್ಯ. ಎಷ್ಟು? ಬಹಳ ಆಯಿತು. ಸ್ವಲ್ಪ ಕಡಿಮೆ ಮಾಡಿ. ನಾಲ್ಕನೆಯದು, ಈ ತಿಂಗಳು ಸಂಬಳ ಆಗಿಲ್ಲ. ಈ ನಾಲ್ಕನೆಯದನ್ನು ತಮಾಷೆಗೆಂದು ಕಲಿಸಿದವರು ಇತಿಹಾಸ ವಿಭಾಗದ ನನ್ನ ಸಹೋದ್ಯೋಗಿ. "ಇದನ್ನು ಹೇಳಿ ನೋಡಿ, ಮಾರುವವನು ನಗುತ್ತಾನೆ. ನಕ್ಕವನು ಎರಡು ರೂಪಾಯಿ ಬಿಡುತ್ತಾನೆ" ಎಂದಿದ್ದರು. ಹೇಳಿ ನೋಡಿದೆ. ನಕ್ಕರು. ನಕ್ಕದ್ದು ಮಾತಿಗೋ ನನ್ನ ಉಚ್ಚಾರಣೆಗೋ ತಿಳಿಯದು, ಎರಡು ರೂಪಾಯಿ ಮಾತ್ರ ಬಿಟ್ಟರು. ಆಮೇಲೆ ಅದು ನನ್ನ ಬಾಯಿಗೆ ಅಂಟಿಕೊಂಡಿತು. ಯಾರು ಯಾರ ಹತ್ತಿರ ಹೇಳಿದ್ದೇನೆ ಎಂದು ಕೇಳಿದರೆ ನೆನಪಿಲ್ಲ. ಉಳಿದ ವ್ಯವಹಾರವೆಲ್ಲ ಹಿಂದಿಯಲ್ಲಿ ನಡೆಯುತ್ತದೆ.

ಪಾರುಲ್ ಮಾಶಿ ಕೂರುವುದು ಕಾಳಿಘಾಟ್‌ನಲ್ಲಿ, ನಮ್ಮ ಗಲ್ಲಿ ದೊಡ್ಡ ರಸ್ತೆಗೆ ಸೇರುವ ಮೂಲೆಯ ಫುಟ್‌ಪಾತಿನಲ್ಲಿ. ಮಾಶಿ ಎಂದರೆ ಚಿಕ್ಕಮ್ಮ, ಇಲ್ಲಿ ಆ ವಯಸ್ಸಿನವರನ್ನೆಲ್ಲ ಕರೆಯುವುದೇ ಹಾಗೆ. ದಕ್ಷಿಣದ ಹಳ್ಳಿಯಿಂದ ಬೆಳಗಿನ ಮೊದಲ ಲೋಕಲ್ ರೈಲಿಗೆ ಬಂದು, ನೀಲಿ ಪ್ಲಾಸ್ಟಿಕ್ ಹಾಳೆ ಹಾಸಿ, ಬಸಳೆ, ಬಾಳೆಹೂವು, ಬಾಳೆದಿಂಡು, ಸೋರೆಕಾಯಿ, ಒಂದು ಮೂಲೆಯಲ್ಲಿ ಶುಂಠಿ ಮತ್ತು ನಿಂಬೆಹಣ್ಣು ಜೋಡಿಸುತ್ತಾಳೆ. ಉಡುಪಿಯವನಿಗೆ ಬಸಳೆಯೂ ಬಾಳೆದಿಂಡೂ ಒಂದೇ ಹಾಳೆಯ ಮೇಲೆ ಕಂಡರೆ ಕಾಲು ತಾನಾಗಿ ನಿಲ್ಲುತ್ತದೆ. ಹೋದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಆರೂಕಾಲಕ್ಕೆ ಹಾಗೆ ನಿಂತೆ. ಬಸಳೆಗೆ ಅವಳು ಹೇಳಿದ ಬೆಲೆಯ ಅರ್ಧ ಹೇಳಿದೆ. ಅವಳು ತಲೆಯಾಡಿಸಿದಳು. ನಾನು ಹೊರಟೆ. ಹತ್ತು ಹೆಜ್ಜೆ ಹೋಗಿರಬೇಕು, ಹಿಂದಿನಿಂದ ಕರೆದಳು. "ಬನ್ನಿ ಮಾಸ್ಟರ್‌ಮಶಾಯ್. ತಗೊಳ್ಳಿ. ಬೌನಿ." ಮಾಸ್ಟರ್‌ಮಶಾಯ್ ಎಂದರೆ ಮೇಷ್ಟ್ರು, ಗಲ್ಲಿಯವರೆಲ್ಲ ನನ್ನನ್ನು ಕರೆಯುವುದು ಹಾಗೆ. ಕೊಟ್ಟ ನೋಟನ್ನು ತಕ್ಕಡಿಗೆ ಮುಟ್ಟಿಸಿ, ಹಣೆಗೆ ಒತ್ತಿ, ಸೆರಗಿನ ತುದಿಗೆ ಕಟ್ಟಿದಳು. ಬೌನಿ ಎಂದರೆ ನಮ್ಮ ಬೋಣಿಯೇ. ಉಡುಪಿಯ ಅಂಗಡಿಯವರು ದಿನದ ಮೊದಲ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸದಿರುವಂತೆಯೇ ಕಾಳಿಘಾಟ್‌ನವರೂ ಕಳಿಸುವುದಿಲ್ಲ. ಆ ಬಸಳೆ ಹಿಡಿದು ಮನೆಗೆ ಬರುವಾಗ ನನಗೆ ಆದ ಸಂತೋಷ ಡಾಕ್ಟರೇಟ್ ಬಂದಾಗಲೂ ಆಗಿರಲಿಲ್ಲ. ಒಂದು ಸಿದ್ಧಾಂತ ಸಿಕ್ಕಿತ್ತು: ಮೊದಲು ಹೋಗು, ಅರ್ಧ ಹೇಳು, ಹೊರಟುಬಿಡು.

ಮಾರನೆಯ ದಿನ ಪರೀಕ್ಷಿಸಿದೆ. ಫಲಿಸಿತು. ಅದರ ಮಾರನೆಯ ದಿನವೂ. ಒಂದು ತಿಂಗಳಲ್ಲಿ ಹೊರಟುಹೋಗುವ ನಾಟಕವೂ ಬೇಡವಾಯಿತು. ನಾನು ಬಂದು ನಿಂತರೆ ಅವಳೇ ಅರ್ಧ ಬೆಲೆ ಹೇಳಿ, "ಬೌನಿ" ಎಂದು ನೋಟನ್ನು ಹಣೆಗೆ ಒತ್ತಿಕೊಳ್ಳುತ್ತಿದ್ದಳು. ನನಗೆ ಶಕುನದಲ್ಲಿ ನಂಬಿಕೆಯಿಲ್ಲ. ಮದುವೆಯ ಮುಹೂರ್ತಕ್ಕೆ ಮುಕ್ಕಾಲು ಗಂಟೆ ತಡವಾಗಿ ಹೋಗಿ ಮಾವನವರ ಕೈಲಿ ಬೈಸಿಕೊಂಡವನು. ಇಂಥವನು ದಿನಾ ಬೆಳಿಗ್ಗೆ ಇನ್ನೊಬ್ಬರ ಶಕುನವನ್ನು ಅರ್ಧ ಬೆಲೆಗೆ ಕೊಂಡು ತಿನ್ನುತ್ತಿದ್ದ. ಅವಳ ನಂಬಿಕೆಯಿಂದ ಅವಳಿಗೆ ನಷ್ಟ, ನನ್ನ ಅಪನಂಬಿಕೆಯಿಂದ ನನಗೆ ಲಾಭ. ಆ ದಿನಗಳಲ್ಲೇ ಸೆಕ್ಟರ್ ಫೈವ್‌ನ ಒಂದು ಸಾಫ್ಟ್‌ವೇರ್ ಕಚೇರಿಯವರು ನೀತಿಶಾಸ್ತ್ರದ ಬಗ್ಗೆ ಮಾತಾಡಲು ಕರೆದಿದ್ದರು. ವಿಷಯ, ನ್ಯಾಯವಾದ ಬೆಲೆ ಎಂದರೇನು. ಮಳೆಯ ನೆಪದಲ್ಲಿ ಫೋನಿನ ಟ್ಯಾಕ್ಸಿ ಎರಡು ಪಟ್ಟು ಬಾಡಿಗೆ ತೋರಿಸಿತು. ನಾನು ಒಂದೂ ಮಾತಾಡದೆ ಬೆರಳೊತ್ತಿದೆ. ಯಾರ ಜೊತೆ ಮಾತಾಡುವುದು? ಅಲ್ಲಿ ಕೂತು ಹಣೆಗೆ ಒತ್ತಿಕೊಳ್ಳುವವರು ಯಾರೂ ಇರಲಿಲ್ಲ. ಉಪನ್ಯಾಸ ಚೆನ್ನಾಗಿತ್ತೆಂದು ಎಲ್ಲರೂ ಹೇಳಿದರು.

ಸಿದ್ಧಾಂತ ಕಂಡುಹಿಡಿದವನಿಗೆ ಅದನ್ನು ಪ್ರಕಟಿಸದೆ ನಿದ್ದೆ ಬರುವುದಿಲ್ಲ. ನಮ್ಮ ಕಡೆಯವರ ಯುಗಾದಿ ಊಟದಲ್ಲಿ, ಒಬ್ಬಟ್ಟಿಗೆ ತುಪ್ಪ ಬೀಳುತ್ತಿದ್ದ ಹೊತ್ತಿಗೆ, ನಾನು ಬಾಯಿಬಿಟ್ಟೆ. ಪಕ್ಕದಲ್ಲಿದ್ದವರು ಕುಲಕರ್ಣಿಯವರು, ರೈಲ್ವೆಯಲ್ಲಿದ್ದು ನಿವೃತ್ತರಾದ ಧಾರವಾಡದವರು. ಅವರು ಒಬ್ಬಟ್ಟು ಮುರಿಯುವುದನ್ನು ನಿಲ್ಲಿಸಿ ಕೇಳಿದರು.

"ಅಂದ್ರ, ದಿನಾ ಅರ್ಧಾ ರೇಟಿಗೆ ಕೊಡ್ತಾಳೇನ್ರಿ?"

"ದಿನಾ."

"ಮತ್ತ ಇಷ್ಟು ದಿನಾ ಬಾಯಿ ಮುಚ್ಚಿಕೊಂಡು ಕೂತಿದ್ರಲ್ರೀ ಪ್ರೊಫೆಸರ್! ಕನ್ನಡಿಗರು ಕನ್ನಡಿಗರಿಗೆ ಹೇಳಲಿಲ್ಲಂದ್ರ ಯಾರಿಗೆ ಹೇಳಬೇಕು?"

ಎದುರು ಸಾಲಿನ ಹೆಂಗಸರೆಲ್ಲ ಇತ್ತ ತಿರುಗಿದ್ದರು. ನಾನು ಮಾಶಿ ಕೂರುವ ಮೂಲೆಯನ್ನೂ ಹೇಳಿದೆ.

ಮುಂದಿನ ಭಾನುವಾರ ಎಂದಿನಂತೆ ಆರೂಕಾಲಕ್ಕೆ ಹೋದರೆ ಮೂಲೆಯಲ್ಲಿ ಜನ. ಕುಲಕರ್ಣಿ ದಂಪತಿ, ಬ್ಯಾಂಕಿನ ಗಂಡಹೆಂಡತಿ, ಟೋಪಿ ಹಾಕಿದ ಇನ್ನೊಬ್ಬರು. ಕಾಳಿಘಾಟ್‌ಗೆ ದೇಶದ ಎಲ್ಲ ಕಡೆಯಿಂದ ಯಾತ್ರಿಕರು ಬರುವುದರಿಂದ ಹೋಗಿಬರುವವರು ಇದನ್ನೂ ಯಾವುದೋ ದರ್ಶನದ ಸಾಲೆಂದುಕೊಂಡಿರಬೇಕು. ಒಬ್ಬಾಕೆ ಬಂದು ಹಿಂದೆ ನಿಂತೂಬಿಟ್ಟಳು. ಪಾರುಲ್ ಮಾಶಿ ನಡುವೆ ಕೂತು ಬಾಳೆಹೂವಿಗೆ ನೀರು ಚಿಮುಕಿಸುತ್ತಿದ್ದಳು.

"ನಿಮ್ಮ ಥಿಯರಿ ಫೇಲ್ ಆತ್ರಿ," ಎಂದರು ಕುಲಕರ್ಣಿ ನನ್ನನ್ನು ಕಂಡೊಡನೆ. "ನಾ ಆರಕ್ಕ ಬಂದು ನಿಂತೀನಿ. ಬೌನಿ ಬೌನಿ ಅಂತ ನಾಲ್ಕು ಸಲ ಅಂದೆ. ಬೌನಿ ಆಗೇದ ಅಂತಾಳ. ಪೂರಾ ರೇಟ್ ಕೊಡು ಅಂತಾಳ."

"ನೀವು ಹೇಳುವ ರೀತಿ ಸರಿಯಿರಲಿಕ್ಕಿಲ್ಲ," ಎಂದೆ ನಾನು, ಪ್ರಯೋಗಶಾಲೆಯ ಮೇಲ್ವಿಚಾರಕನ ದನಿಯಲ್ಲಿ. ಮುಂದೆ ಹೋಗಿ ಒಂದು ಬಾಳೆದಿಂಡು ಎತ್ತಿದೆ. ಮಾಶಿ ನನ್ನ ಮುಖ ನೋಡಿದಳು, ಅವರೆಲ್ಲರ ಮುಖ ನೋಡಿದಳು. ಆಮೇಲೆ ಅರ್ಧ ಬೆಲೆ ಹೇಳಿ, ನೋಟು ತೆಗೆದುಕೊಂಡು, ತಕ್ಕಡಿಗೆ ಮುಟ್ಟಿಸಿ, ಹಣೆಗೆ ಒತ್ತಿದಳು. "ಬೌನಿ."

"ಇದೆಂಥಾ ನ್ಯಾಯರೀ?" ಕುಲಕರ್ಣಿಯವರ ದನಿ ಏರಿತು. "ನಾ ಮುಂಚೆ ಬಂದಿಲ್ಲೇನು? ನಂದೇನು ರೊಕ್ಕ ಅಲ್ಲೇನು?"

"ಬಿಡ್ರಿ, ಅವರ ಕೈಗುಣ ಛಲೋ ಇರಬೇಕು," ಎಂದರು ಅವರ ಹೆಂಡತಿ. "ನಿಮ್ಮ ಕೈಗುಣ ನನಗ ಗೊತ್ತೈತಿ. ಮುಟ್ಟಿದ ಮಿಕ್ಸರ್ ಇವತ್ತಿನವರೆಗೆ ತಿರುಗಿಲ್ಲ."

ಎಲ್ಲರೂ ನಕ್ಕು, ಪೂರ್ತಿ ಬೆಲೆ ಕೊಟ್ಟು, ಮುಂದಿನ ವಾರದಿಂದ ಬರುವುದನ್ನು ಬಿಟ್ಟರು. ಕುಲಕರ್ಣಿ ಮಾತ್ರ ನನ್ನ ಜೊತೆ ಸುಮಾರು ದಿನ ಸರಿಯಾಗಿ ಮಾತಾಡಲಿಲ್ಲ. ಒಂದು ಪ್ರಯೋಗ ಆರು ಜನರಲ್ಲಿ ಒಬ್ಬನಿಗಷ್ಟೇ ಫಲ ಕೊಟ್ಟರೆ ಸಿದ್ಧಾಂತ ತಪ್ಪಿರಬಹುದೇ ಎಂದು ಯೋಚಿಸಬೇಕು. ಇದನ್ನು ಮೊದಲ ವರ್ಷದ ಹುಡುಗರಿಗೂ ಹೇಳುತ್ತೇನೆ. ಆದರೆ ಆ ಬೆಳಿಗ್ಗೆ ನನ್ನ ತಲೆಯಲ್ಲಿ ನಿಂತದ್ದು ಕೈಗುಣ ಎಂಬ ಒಂದೇ ಮಾತು. ಮೂಢನಂಬಿಕೆ ನನ್ನ ಪರವಾಗಿ ನಿಂತಾಗ ಅಷ್ಟೇನೂ ಮೂಢವಾಗಿ ಕಾಣಲಿಲ್ಲ. ನನ್ನ ಕೈಯಿಂದ ಬೋಣಿಯಾದ ದಿನ ಅವಳ ವ್ಯಾಪಾರ ಚೆನ್ನಾಗಿ ನಡೆಯುತ್ತಿರಬೇಕು, ಹಾಗಾಗಿ ಕಾದು ನನಗೇ ಕೊಡುತ್ತಾಳೆ ಎಂದು ತೀರ್ಮಾನಿಸಿದೆ. ಅಂದರೆ ಅರ್ಧ ಬೆಲೆ ಕೊಟ್ಟು ನಾನೇ ಅವಳಿಗೆ ಉಪಕಾರ ಮಾಡುತ್ತಿದ್ದೆ! ಎಡಗೈಯಲ್ಲಿ ಕೊಡುತ್ತಿದ್ದವನು ನೆನಪಿಟ್ಟುಕೊಂಡು ಬಲಗೈಯಲ್ಲಿ ಕೊಡತೊಡಗಿದೆ. ಮೇಘಾಳ ಪರೀಕ್ಷೆಯ ದಿನ ಅವಳ ಪೆನ್ನನ್ನು ನಾನೇ ಕೈಯಾರೆ ಕೊಡಲು ಹೋದೆ. "ಅಪ್ಪಾ, ಪ್ಲೀಸ್. ಯೂ ಟೀಚ್ ಫಿಲಾಸಫಿ," ಎಂದು ಅವಳು ಬೇರೆ ಪೆನ್ನು ತೆಗೆದುಕೊಂಡು ಹೋದಳು.

ಆಮೇಲೆ ಆ ಶನಿವಾರ ಬಂತು. ಸುಧಾ ಜೊತೆಗಿದ್ದಳು. ಇಲ್ಲಿಂದ ಕತೆ ಎರಡು. ನನ್ನ ಕತೆಯಲ್ಲಿ, ಮಾಶಿ ಸೋರೆಕಾಯಿಗೆ ನಲವತ್ತು ಎಂದಳು. ನಾನು ನಗುತ್ತಾ "ಬೌನಿ" ಎಂದೆ. ಅವಳೂ ನಕ್ಕಳು. ಇಪ್ಪತ್ತು ಕೊಟ್ಟು ಬಂದೆ. ಸುಧಾಳ ಕತೆಯಲ್ಲಿ ಮಾಶಿ ನಗಲಿಲ್ಲ. ಎಡಗೈಗೆ ಬ್ಯಾಂಡೇಜ್ ಸುತ್ತಿತ್ತು, ಅದರ ಮೇಲೆ ಕಂದು ಕಲೆಯಿತ್ತು. ಕುಂಬಳಕಾಯಿ ಹೆಚ್ಚುವಾಗ ಈಳಿಗೆಗೆ ಕೈ ಸಿಕ್ಕಿದೆ, ಆಸ್ಪತ್ರೆಗೆ ಹೋಗಬೇಕು, ಇವತ್ತೊಂದು ದಿನ ಪೂರ್ತಿ ಕೊಡಿ ಎಂದು ಅವಳು ಬಂಗಾಳಿಯಲ್ಲಿ ಹೇಳಿದಳು. ಸುಧಾಗೆ ಕಚೇರಿಯ ದೆಸೆಯಿಂದ ಬಂಗಾಳಿ ಚೆನ್ನಾಗಿ ತಿಳಿಯುತ್ತದೆ. ನನಗೆ ತಿಳಿಯುವುದು ನಾಲ್ಕು ವಾಕ್ಯ.

"ನೀವು ಆಗಲೇ ಇಪ್ಪತ್ತು ಇಟ್ಟು ಮುಂದೆ ಹೋಗಿಬಿಟ್ಟಿದ್ರಿ," ಎನ್ನುತ್ತಾಳೆ ಸುಧಾ. "ನಾನು ಪರ್ಸ್ ತಂದಿರ್ಲಿಲ್ಲ. ನಿಮ್ಮನ್ನ ಕೂಗಿ ಕರೀಬೇಕಿತ್ತು, ಕರೀಲಿಲ್ಲ. ಅದು ನನ್ನ ತಪ್ಪು, ಒಪ್ಕೋತೀನಿ. ಆದ್ರೆ ಬ್ಯಾಂಡೇಜ್ ಇರ್ಲಿಲ್ಲ ಅಂತ ಮಾತ್ರ ಹೇಳ್ಬೇಡಿ."

ನನ್ನ ಕತೆಯ ಬಗ್ಗೆ ನನಗೇ ಒಂದು ಅನುಮಾನವಿದೆ. ಮಾಶಿ ನಕ್ಕದ್ದನ್ನು ನಾನು ಅಂದೇ ಮಧ್ಯಾಹ್ನ ವಿಭಾಗದ ಕೋಣೆಯಲ್ಲಿ ನಟಿಸಿ ತೋರಿಸಿದ್ದೆ. ಆಮೇಲಿಂದ ನನಗೆ ನೆನಪಾಗುವ ನಗು ಅವಳದ್ದೋ, ನನ್ನ ನಟನೆಯದ್ದೋ ಹೇಳಲಾರೆ.

ಮಾರನೆಯ ದಿನ ಮೂಲೆಯಲ್ಲಿ ನೀಲಿ ಹಾಳೆ ಇರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ವಾರ ಕಳೆಯಿತು. ಜಾಗಕ್ಕೆ ಪ್ಲಾಸ್ಟಿಕ್ ಬಕೆಟ್ ಮಾರುವವನೊಬ್ಬ ಬಂದು ಕೂತ. ಫುಟ್‌ಪಾತಿನಲ್ಲಿ ಹತ್ತು ದಿನ ಬಿಟ್ಟ ಜಾಗ ಮತ್ತೆ ಸಿಗುವುದು ಕಷ್ಟ ಎನ್ನುವುದು ನನಗೂ ಗೊತ್ತು. "ಇನ್‌ಫೆಕ್ಷನ್ ಆಗಿರ್ಬೇಕು," ಎಂದಳು ಸುಧಾ ಒಂದು ರಾತ್ರಿ ಊಟಕ್ಕೆ ಕೂತಾಗ. ಇಪ್ಪತ್ತು ರೂಪಾಯಿಗೆ ಯಾರ ಕೈಯೂ ಉಳಿಯುವುದಿಲ್ಲ, ಹೋಗುವುದೂ ಇಲ್ಲ ಎಂದು ವಾದಿಸಿದೆ. ತರ್ಕದಲ್ಲಿ ದೋಷವಿರಲಿಲ್ಲ. ಮೇಘಾ ತಟ್ಟೆ ಎತ್ತಿಕೊಂಡಳು.

ಹನ್ನೆರಡನೆಯ ದಿನವೋ ಹದಿಮೂರನೆಯ ದಿನವೋ, ನಾನು ಮೂಲೆಯ ಚಹಾದಂಗಡಿಯ ನಿತಾಯಿಯನ್ನು ಕೇಳಿದೆ. ನಿಜ ಹೇಳುವುದಾದರೆ, ಬ್ಯಾಂಡೇಜ್ ಇರಲಿಲ್ಲ ಎಂದು ಅವನ ಬಾಯಿಂದ ಹೇಳಿಸಿಕೊಂಡು ಹೋಗಿ ಸುಧಾಳ ಮುಂದೆ ಇಡಬೇಕೆಂಬುದೇ ನನ್ನ ಆಸೆ. ನಿತಾಯಿಗೆ ಬ್ಯಾಂಡೇಜ್ ನೆನಪಿರಲಿಲ್ಲ. "ಬಂದೇ ಬರ್ತಾಳೆ," ಎಂದ ಹಿಂದಿಯಲ್ಲಿ. "ನಿಮ್ಮನ್ನು ಕೇಳಿದ್ದಳಂತೆ. ಅವಳ ಊರಿನವನೊಬ್ಬ ನಿನ್ನೆ ಸಿಕ್ಕಿದ್ದ. ಮಾಸ್ಟರ್‌ಮಶಾಯ್‌ಗೆ ಸಂಬಳ ಶುರುವಾಯಿತಾ ಎಂದು ವಿಚಾರಿಸು ಅಂದಳಂತೆ."

"ಯಾವ ಸಂಬಳ?"

"ನಿಮ್ಮದೇ. ನಿಂತುಹೋಗಿದೆಯಲ್ಲ?" ಅವನು ನನ್ನ ಚಪ್ಪಲಿ ನೋಡಿದ. "ನೀವೇ ಹೇಳಿದ್ದಿರಂತೆ ಅವಳಿಗೆ. ದೂರದ ಊರಿನವರು, ಓದಿದವರು, ಸಂಬಳ ಬರುತ್ತಿಲ್ಲ, ಆದರೂ ಕೈಚಾಚುವುದಿಲ್ಲ ಎನ್ನುತ್ತಿದ್ದಳು."

"ಹಾಗಾದರೆ ಬೌನಿ?"

ನಿತಾಯಿ ನಕ್ಕ. "ಅವಳ ಬೌನಿ ನಾನು. ಐದು ಗಂಟೆಗೆ ರೈಲಿಳಿದು ಬಂದ ಕೂಡಲೇ ಅಂಗಡಿಗೆ ಶುಂಠಿ, ನಿಂಬೆ ನಾನೇ ತಗೊಳ್ಳೋದು. ನಾನೂ ಕೇಳಿದ್ದೆ, ಇವರಿಗೆ ಯಾಕೆ ದಿನಾ ಬೌನಿ ಅಂತೀಯ ಎಂದು. ಸುಮ್ಮನೆ ಕಡಿಮೆಗೆ ಕೊಟ್ಟರೆ ಮಾಸ್ಟರ್‌ಮಶಾಯ್ ತಗೊಳ್ಳುತ್ತಾರಾ, ಮರ್ಯಾದಸ್ತರು, ಬೌನಿ ಅಂದರೆ ತಗೊಳ್ಳುತ್ತಾರೆ ಅಂದಳು."

ಚಹಾ ಆರಿತು. ಇಷ್ಟು ದಿನ ನಾನು ಅವಳ ಶಕುನದ ನಂಬಿಕೆಯನ್ನು ಬಳಸಿಕೊಳ್ಳುತ್ತಿದ್ದೇನೆ ಎಂದುಕೊಂಡಿದ್ದೆ. ಅದಕ್ಕೊಂದು ಸಮಾಧಾನವೂ ಇತ್ತು, ಮೂಢನಂಬಿಕೆಗೆ ದಂಡ ತೆರುವುದು ನಂಬಿದವರ ಪಾಡು ಎಂದು. ಅವಳು ನಂಬಿದ್ದು ಶಕುನವನ್ನಲ್ಲ, ನನ್ನ ಮಾತನ್ನು. ನಾಲ್ಕೇ ವಾಕ್ಯ ಬಲ್ಲವನ ನಾಲ್ಕನೆಯ ವಾಕ್ಯವನ್ನು. ಎಲ್ಲರೂ ನಕ್ಕು ಬಿಟ್ಟ ಮಾತಿಗೆ ಅವಳೊಬ್ಬಳು ನಕ್ಕಿರಲಿಲ್ಲ. ಅವಳಿಗೆ ಅದನ್ನು ಹೇಳಿದ್ದು ನನಗೆ ನೆನಪಿಲ್ಲ. ಆದರೆ ಹೇಳಿಲ್ಲವೆಂದು ಮೇಜು ಗುದ್ದುವ ಧೈರ್ಯ ಈ ಸಲ ಬರಲಿಲ್ಲ. ಐವರು ಕನ್ನಡಿಗರ ಮುಖ ನೋಡಿ ಅವಳು ಮತ್ತೆ ನೋಟನ್ನು ಹಣೆಗೆ ಒತ್ತಿದ್ದಳಲ್ಲ, ಅದು ನನ್ನ ಕೈಗುಣಕ್ಕಲ್ಲ, ನನ್ನವರ ಮುಂದೆ ನನ್ನ ಮಾನ ಹೋಗಬಾರದೆಂದು. ಆಸ್ಪತ್ರೆಗೆ ಹೋಗಬೇಕಿದ್ದ ದಿನವೂ ಅವಳು ನನ್ನನ್ನು ಕೇಳಿದ್ದು, ಕಷ್ಟದಲ್ಲಿರುವವರು ಕಷ್ಟದಲ್ಲಿರುವವರನ್ನು ಕೇಳುವ ಹಾಗೆ.

ಮೂರನೆಯ ವಾರ ಮಾಶಿ ಬಂದಳು. ಬಕೆಟ್ಟಿನವನು ಜಾಗ ಬಿಡಲಿಲ್ಲ. ಆರು ಅಂಗಡಿ ಆಚೆ, ಬಿಸಿಲು ನೇರ ಬೀಳುವಲ್ಲಿ ಹಾಳೆ ಹಾಸಿದ್ದಳು. ಒಬ್ಬನ ಮಾತನ್ನು ಪರೀಕ್ಷಿಸದೆ ನಂಬಬಾರದೆಂಬ ನಿಯಮ ನನ್ನನ್ನು ಅಲ್ಲಿಯೂ ಬಿಡಲಿಲ್ಲ. ಮಾರನೆಯ ದಿನ ಐದಕ್ಕೆ ಮುಂಚೆ ಎದ್ದು, ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಕಳ್ಳನಂತೆ ಕೂತೆ. ನಿತಾಯಿ ಬಂದ, ಶುಂಠಿ, ನಿಂಬೆ ತೆಗೆದುಕೊಂಡ, ಕೇಳಿದಷ್ಟು ಕೊಟ್ಟ. ಅವಳು ಹಣೆಗೆ ಒತ್ತಿಕೊಂಡಳು. ಅವನ ಹಿಂದೆ ಇನ್ನೂ ಮೂವರು ಬಂದು ಹೋದರು. ಆಗಿನ್ನೂ ಆರು ಆಗಿರಲಿಲ್ಲ.

ಆರೂಕಾಲಕ್ಕೆ ನಾನು ಹೋಗಿ ನಿಂತೆ. ಒಂದು ಸೋರೆಕಾಯಿ ಎತ್ತಿದೆ. ಅವಳು ಎಂದಿನಂತೆ "ಇಪ್ಪತ್ತು, ಬೌನಿ" ಎಂದಳು. ನಾನು ನಲವತ್ತು ಕೊಟ್ಟೆ. ಅವಳು ನೋಟುಗಳನ್ನು ನೋಡಿದಳು, ನನ್ನ ಮುಖ ನೋಡಿದಳು. ಆ ಮುಖ ಅರಳಿದ್ದನ್ನು ನಾನು ಯಾರ ಮುಂದೆಯೂ ನಟಿಸಿ ತೋರಿಸಲಾರೆ. ಬಂಗಾಳಿಯಲ್ಲಿ ಒಂದು ಪ್ರಶ್ನೆ ಕೇಳಿದಳು. ಸಂಬಳ ಎನ್ನುವ ಪದ ನನಗೆ ಗೊತ್ತಿತ್ತಲ್ಲ, ಹಾಗಾಗಿ ಅರ್ಥವಾಯಿತು.

"ಸಂಬಳ ಆಯ್ತಾ?"

ಹೌದು ಎಂದೆ. ಅದು ನಿಜ. ಹಿಂದಿನ ವಾರವಷ್ಟೇ ಆಗಿತ್ತು, ಎಲ್ಲ ತಿಂಗಳೂ ಆಗುವಂತೆ. ಆದರೆ ಅಷ್ಟು ದೊಡ್ಡ ಸುಳ್ಳನ್ನು ನಾನು ಹಿಂದೆಂದೂ ಹೇಳಿದ್ದಿಲ್ಲ. ಇದ್ದ ವಿಷಯ ಹೇಳಿ ಕ್ಷಮೆ ಕೇಳಲು ಐದನೆಯ ವಾಕ್ಯವೊಂದು ಬೇಕಿತ್ತು. ಹಿಂದಿಯಲ್ಲಾದರೂ ಹೇಳಬಹುದಿತ್ತು. ನಾನು ಸೋರೆಕಾಯಿಯನ್ನು ಚೀಲಕ್ಕೆ ಹಾಕಿದೆ. ಅವಳು ಖುಷಿಗೆ ಎರಡೂ ಕೈಯ ಬೊಗಸೆ ತುಂಬ ಹಸಿಮೆಣಸಿನಕಾಯಿ ಎತ್ತಿ, ಬೇಡ ಎನ್ನುವ ಮೊದಲೇ ನನ್ನ ತೇಪೆಯ ಚೀಲಕ್ಕೆ ಸುರಿದಳು. ಬೇಡ ಎನ್ನುತ್ತಿದ್ದೆನೇ? ಅದೂ ಗೊತ್ತಿಲ್ಲ. ಪುಕ್ಕಟೆ ಬಂದ ಮೆಣಸಿನಕಾಯಿ ಒಂದು ಕ್ಷಣ ಸಂತೋಷ ಕೊಟ್ಟಿತು ಎನ್ನುವುದು ಮಾತ್ರ ಗೊತ್ತು.

ಸುಧಾಳಿಗೆ ಇನ್ನೂ ಏನೂ ಹೇಳಿಲ್ಲ. ಸುರಿಯುವಾಗ ಮಾಶಿಯ ಅಂಗೈ ನನ್ನ ಕಣ್ಣ ಮುಂದೆ ಬಿಚ್ಚಿಕೊಂಡಿತ್ತು. ಎಡ ಅಂಗೈ. ಹೆಬ್ಬೆರಳ ಬುಡದಿಂದ ಮಣಿಕಟ್ಟಿನ ಕಡೆಗೆ, ಇನ್ನೂ ಕೆಂಪಗಿದ್ದ ಗೆರೆ. ಐದು ಹೊಲಿಗೆ. ನೆನಪನ್ನು ನಂಬದೆ, ಮರುದಿನ ಮತ್ತೆ ಹೋಗಿ ಎಣಿಸಿದೆ. ಐದೇ.